ಠಾಣೆಯ ಪಟ್ಟಿಯಲ್ಲಿ ಕಾಣದ ಭಯಗಳು

ಒಂದು ಊರಿಗೆ ಪೊಲೀಸರು ಯಾಕೆ ಬೇಕು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಡುತ್ತಾರೆ. ಸರಕಾರವು ಕಾನೂನು ಮತ್ತು ಸುವ್ಯವಸ್ಥೆ ಎನ್ನುತ್ತದೆ. ವ್ಯಾಪಾರಿ ಕಳ್ಳರ ಕಾಟ ಎನ್ನುತ್ತಾನೆ. ತೋಟದ ಯಜಮಾನ ಅಡಿಕೆ ಕಳವಿನ ಮಾತೆತ್ತುತ್ತಾನೆ. ಮುಂದಾಳುಗಳು ಕೋಮು ಗಲಭೆಯ ಬಗ್ಗೆ ಹೇಳುತ್ತಾರೆ. ಇವೆಲ್ಲವೂ ನಿಜವೇ. ಆದರೆ ಆ ಊರಿನ ಮನೆಯೊಳಗಿರುವ ಹೆಣ್ಣು ಮಗಳನ್ನು ಕರೆದು, "ನಿನಗೆ ಯಾವುದರ ಭಯ?" ಎಂದು ಕೇಳುವವರು ಬಹಳ ಕಡಿಮೆ. ಕೇಳದೆ ಇರುವುದರಿಂದ ಅವಳ ಭಯ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ. ಪಟ್ಟಿಯಲ್ಲಿ ಇಲ್ಲದ ಭಯಕ್ಕೆ ಕಾವಲೂ ಇರುವುದಿಲ್ಲ.

ಬೆಳ್ತಂಗಡಿ ತಾಲೂಕಿನ ವೇಣೂರು ಹೊರಗಿನವರಿಗೆ ಗೊತ್ತಿರುವುದು ಬಾಹುಬಲಿಯ ಊರು ಎಂದು. ಅಜಿಲ ಅರಸರ ಕಾಲದಲ್ಲಿ, 1604ರಲ್ಲಿ, ಫಲ್ಗುಣಿ ನದಿಯ ದಡದಲ್ಲಿ ನಿಂತ ಆ ಏಕಶಿಲಾ ಮೂರ್ತಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ. 2024ರಲ್ಲಿ ಅದು ನಡೆದಾಗ ಪೇಟೆಯ ತಿರುವು ತಿರುವಿನಲ್ಲೂ ಪೊಲೀಸರಿದ್ದರು. ಉತ್ಸವ ಮುಗಿದ ಮೇಲೆ ಊರು ಮತ್ತೆ ತನ್ನ ಎಂದಿನ ಸ್ಥಿತಿಗೆ ಮರಳಿತು. ಆ ಎಂದಿನ ಸ್ಥಿತಿಯನ್ನು ಇಲ್ಲಿನವರು ಮಾತ್ರ ಬಲ್ಲರು.

ಘಟ್ಟದ ಕೆಳಗಿನ ನಮ್ಮ ಹಳ್ಳಿಗಳು ಬಯಲುಸೀಮೆಯ ಹಳ್ಳಿಗಳಂತಲ್ಲ. ಅಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ, ಒಬ್ಬರು ಕೂಗಿದರೆ ಹತ್ತು ಮಂದಿ ಓಡಿ ಬರುತ್ತಾರೆ. ಇಲ್ಲಿ ಒಂದೊಂದು ಮನೆ ಒಂದೊಂದು ತೋಟದ ನಡುವೆ. ನೆರೆಮನೆಗೆ ಹೋಗಬೇಕಾದರೆ ಒಂದು ಗುಡ್ಡ ಇಳಿದು, ತೋಡು ದಾಟಿ, ಇನ್ನೊಂದು ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ತೋಡು ಉಕ್ಕಿ ಕಾಲುಸಂಕ ಮುಳುಗಿದರೆ ಆ ಮನೆ ನಿಜವಾಗಿಯೂ ಒಂದು ದ್ವೀಪವೇ. ಮರ ಬಿದ್ದು ವಿದ್ಯುತ್ ಹೋದರೆ ಮೊಬೈಲೂ ಸ್ತಬ್ಧ. ಗಂಡ ದಮ್ಮಾಮಿನಲ್ಲೋ ದುಬೈಯಲ್ಲೋ ಇದ್ದು, ಮನೆಯಲ್ಲಿ ವಯಸ್ಸಾದ ಅತ್ತೆ, ಶಾಲೆಗೆ ಹೋಗುವ ಮಕ್ಕಳು ಮತ್ತು ಅವಳು ಮಾತ್ರ ಇರುವಂತಹ ಮನೆಗಳು ನಮ್ಮ ಜಮಾಅತ್‌ಗಳಲ್ಲಿ ಎಷ್ಟಿವೆ ಎಂದು ಲೆಕ್ಕ ಹಾಕಿದರೆ ಬೆರಳುಗಳು ಸಾಲವು.

ಇಂತಹ ಮನೆಗಳಿಗೆ ಕಾವಲು ಹೇಗಿರಬೇಕು? ಯಾವುದಕ್ಕೆ ಮೊದಲ ಸ್ಥಾನ ಕೊಡಬೇಕು? ಅದನ್ನು ಯಾರು ನಿರ್ಧರಿಸಬೇಕು? ಇದು ಠಾಣೆಯವರ ವಿಷಯ, ನಮಗೇಕೆ ಎಂದು ಬಿಟ್ಟುಬಿಡುವಂಥದ್ದಲ್ಲ.

ದೂರದಿಂದ ಬಂದ ಆದ್ಯತೆ

ವೇಣೂರಿನಿಂದ ನಾರಾವಿಯ ಕಡೆಗೆ ಸಾಗಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಕುತ್ಲೂರು ಎಂಬ ಗ್ರಾಮವಿದೆ. ಮಲೆಕುಡಿಯ ಸಮುದಾಯದ ಬಡ ಕುಟುಂಬಗಳು ಅಲ್ಲಿನ ಕಾಡಿನೊಳಗೆ ತಲೆಮಾರುಗಳಿಂದ ಬಾಳಿ ಬಂದಿವೆ. ರಸ್ತೆ, ಸೇತುವೆ, ವಿದ್ಯುತ್, ಶಾಲೆ, ಆಸ್ಪತ್ರೆ ಇವು ಆ ಜನರ ಬೇಡಿಕೆಗಳಾಗಿದ್ದವು. ಆದರೆ 2000ದ ದಶಕದಲ್ಲಿ ಘಟ್ಟದ ಕಾಡಿನಲ್ಲಿ ನಕ್ಸಲರ ಓಡಾಟ ಶುರುವಾದ ಮೇಲೆ ಕುತ್ಲೂರಿಗೆ ಒಂದೇ ಹೆಸರಾಯಿತು: ನಕ್ಸಲ್ ಪೀಡಿತ ಗ್ರಾಮ. ರಸ್ತೆಗಿಂತ ಮೊದಲು ಬಂದೂಕು ಹಿಡಿದ ಪಡೆ ಅಲ್ಲಿಗೆ ತಲುಪಿತು.

2012ರ ಮಾರ್ಚ್ 3ರಂದು ನಕ್ಸಲ್ ನಿಗ್ರಹ ಪಡೆಯವರು ಕುತ್ಲೂರಿನ ವಿಠಲ ಮಲೆಕುಡಿಯ ಎಂಬ ಯುವಕನನ್ನೂ ಅವರ ತಂದೆಯನ್ನೂ ಬಂಧಿಸಿದರು. ವಿಠಲ ಆಗ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿ. ದೇಶದ್ರೋಹದ ಆರೋಪ ಹೊರಿಸಲಾಯಿತು. ಮನೆಯಿಂದ ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಪತ್ರಿಕೆಯ ತುಣುಕುಗಳೂ ಇದ್ದವು. ಕೈಕೋಳದಲ್ಲಿ ಪರೀಕ್ಷೆಗೆ ಕರೆತಂದ ಆ ವಿದ್ಯಾರ್ಥಿಯ ಚಿತ್ರವನ್ನು ನಾಡಿನ ಪತ್ರಿಕೆಗಳು ಪ್ರಕಟಿಸಿದವು. ಕೊನೆಗೆ 2021ರ ಅಕ್ಟೋಬರ್ 21ರಂದು ಮಂಗಳೂರಿನ ನ್ಯಾಯಾಲಯವು ತಂದೆ ಮಗ ಇಬ್ಬರನ್ನೂ ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ನಡುವೆ ಕಳೆದುಹೋದದ್ದು ಒಂಬತ್ತೂವರೆ ವರ್ಷ. ಆ ಮನೆಯ ತಾಯಿ ಆ ವರ್ಷಗಳನ್ನು ಹೇಗೆ ಕಳೆದಿರಬಹುದು ಎಂಬುದನ್ನು ತಾಯಂದಿರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಅದೇ ಕುತ್ಲೂರು 2024ರಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದಿಂದ ಸಾಹಸ ಪ್ರವಾಸೋದ್ಯಮ ವಿಭಾಗದ ಅತ್ಯುತ್ತಮ ಗ್ರಾಮ ಎಂಬ ಪ್ರಶಸ್ತಿ ಪಡೆಯಿತು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಆರು ಮಂದಿ ನಕ್ಸಲರು ಮುಖ್ಯಮಂತ್ರಿಯವರ ಮುಂದೆ ಶರಣಾದರು. ಅವರಲ್ಲಿ ನಾಲ್ವರು ಮಹಿಳೆಯರು, ಒಬ್ಬಾಕೆ ಕುತ್ಲೂರಿನವಳೇ. ಬಂದೂಕಿನ ಹಾದಿ ಯಾರಿಗೂ ಏನನ್ನೂ ಕೊಡಲಿಲ್ಲ. ಕಾಡಿನ ಜನರನ್ನೆಲ್ಲ ಸಂಶಯದಿಂದ ಕಂಡ ಹಾದಿಯೂ ಊರಿಗೆ ನೆಮ್ಮದಿ ಕೊಡಲಿಲ್ಲ.

ನಕ್ಸಲ್ ಭಯ ಕಡಿಮೆಯಾಗುತ್ತಿದ್ದಂತೆ ಆದ್ಯತೆಯೂ ಬದಲಾಯಿತು. 2025ರ ಏಪ್ರಿಲ್ ಕೊನೆಯಿಂದ ಮೇ ಕೊನೆಯ ವರೆಗಿನ ಒಂದೇ ತಿಂಗಳಲ್ಲಿ ನಮ್ಮ ಜಿಲ್ಲೆ ಮೂರು ಹತ್ಯೆಗಳನ್ನು ಕಂಡಿತು. ಕುಡುಪುವಿನಲ್ಲಿ ವಯನಾಡಿನ ಯುವಕನೊಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಬಜ್ಪೆಯಲ್ಲಿ ಇನ್ನೊಬ್ಬ ಯುವಕನ ಕೊಲೆಯಾಯಿತು. ಬಂಟ್ವಾಳ ತಾಲೂಕಿನಲ್ಲಿ ಮರಳು ಇಳಿಸುತ್ತಿದ್ದ ಪಿಕಪ್ ಚಾಲಕನ ಮೇಲೆ ಕತ್ತಿ ಬೀಸಿದರು. ಸತ್ತವರ ಧರ್ಮ ಯಾವುದೇ ಇರಲಿ, ಹಿಂದೆ ಉಳಿದವರು ತಾಯಂದಿರು ಮತ್ತು ಹೆಂಡತಿಯರು. ಜೂನ್ 13ರಂದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ವಿಶೇಷ ಕಾರ್ಯಪಡೆಯೊಂದಕ್ಕೆ ಮಂಗಳೂರಿನಲ್ಲಿ ಚಾಲನೆ ದೊರೆಯಿತು. ಅದಕ್ಕೆ ಸಿಬ್ಬಂದಿಯನ್ನು ತೆಗೆದುಕೊಂಡದ್ದು ನಕ್ಸಲ್ ನಿಗ್ರಹ ಪಡೆಯಿಂದಲೇ.

ಈ ಪಡೆ ಬೇಕಾಗಿತ್ತು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಗಮನಿಸಬೇಕಾದ ಅಂಶವೊಂದಿದೆ. ಮೊದಲು ನಕ್ಸಲ್, ಆ ಮೇಲೆ ಕೋಮು ಹಿಂಸೆ. ಇವೆರಡರ ನಡುವೆಯೂ ಇವೆರಡರ ಕೆಳಗೂ ಉಳಿದುಕೊಂಡಿರುವ ಮನೆಮಟ್ಟದ ಭಯಗಳನ್ನು ಯಾವ ಪಡೆಯೂ ತಾನಾಗಿ ಹುಡುಕಿ ಬರುವುದಿಲ್ಲ.

ಒಂದು ಕಾಲದಲ್ಲಿ ನಮ್ಮದೇ ಜಿಲ್ಲೆಯಾಗಿದ್ದ ದ್ವೀಪಗಳು

ಈ ವಿಷಯವನ್ನು ಇನ್ನಷ್ಟು ಸ್ಪಷ್ಟವಾಗಿ ಅರಿಯಲು ಕಡಲಿನಾಚೆಯ ಒಂದು ಉದಾಹರಣೆ ನೋಡೋಣ. ಲಕ್ಷದ್ವೀಪದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಇಂದಿನ ಅನೇಕರಿಗೆ ತಿಳಿಯದು. ಅರಕ್ಕಲ್ ಮನೆತನದ ಆಡಳಿತದಿಂದ ಬೇಸತ್ತ ಅಮಿನಿಯ ಜನರು 1780ರ ದಶಕದಲ್ಲಿ ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನರ ಆಶ್ರಯ ಕೇಳಿದರು. 1787ರಲ್ಲಿ ಆ ದ್ವೀಪಗಳು ಟಿಪ್ಪುವಿನ ಆಡಳಿತಕ್ಕೆ ಬಂದವು. 1799ರ ನಂತರ ಕಂಪೆನಿಯ ಕೈಗೆ ಹೋಗಿ ಮಂಗಳೂರಿನಿಂದಲೇ ಅವುಗಳ ಆಡಳಿತ ನಡೆಯಿತು. 1956ರ ನವೆಂಬರ್ 1ರಂದು ಎಲ್ಲ ದ್ವೀಪಗಳೂ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. 1973ರಲ್ಲಿ ಅದಕ್ಕೆ ಲಕ್ಷದ್ವೀಪ ಎಂಬ ಹೆಸರು ಬಂತು.

ಹತ್ತು ಜನವಸತಿ ದ್ವೀಪಗಳು, ಒಟ್ಟು ಸುಮಾರು 32 ಚದರ ಕಿಲೋಮೀಟರ್ ನೆಲ, 2011ರ ಜನಗಣತಿಯಂತೆ 64 ಸಾವಿರಕ್ಕೂ ಸ್ವಲ್ಪ ಹೆಚ್ಚು ಜನ. ಅವರಲ್ಲಿ ನೂರಕ್ಕೆ ತೊಂಬತ್ತಾರು ಮಂದಿ ಮುಸ್ಲಿಮರು. ಅಪರಾಧಗಳು ತೀರಾ ಕಡಿಮೆ. ಎಲ್ಲರೂ ಎಲ್ಲರಿಗೂ ಗೊತ್ತು, ಕದ್ದ ವಸ್ತುವನ್ನು ಬಚ್ಚಿಡಲು ಜಾಗವಿಲ್ಲ, ತಪ್ಪು ಮಾಡಿದವನಿಗೆ ಹಿರಿಯರ ಮುಖ ನೋಡಬೇಕಾದ ನಾಚಿಕೆಯಿದೆ. ಇಂತಹ ನೆಲಕ್ಕೆ 2021ರ ಜನವರಿಯಲ್ಲಿ ಸಮಾಜಘಾತುಕ ಚಟುವಟಿಕೆ ತಡೆಯ ಕರಡು ಕಾನೂನೊಂದನ್ನು ಆಡಳಿತವು ಮುಂದಿಟ್ಟಿತು. ವಿಚಾರಣೆಯಿಲ್ಲದೆ ಒಬ್ಬ ವ್ಯಕ್ತಿಯನ್ನು ಒಂದು ವರ್ಷದ ವರೆಗೆ ಬಂಧನದಲ್ಲಿಡಲು ಅದರಲ್ಲಿ ಅವಕಾಶವಿತ್ತು. ಜನರು ಅದನ್ನು ಗೂಂಡಾ ಕಾಯ್ದೆ ಎಂದೇ ಕರೆದರು.

ಆಡಳಿತದ ವಾದವೂ ಇತ್ತು. ಮಾದಕ ವಸ್ತುಗಳ ಸಾಗಾಟವನ್ನು ತಡೆಯಬೇಕೆಂದು ಅದು ಹೇಳಿತು. 2021ರ ಮಾರ್ಚ್‌ನಲ್ಲಿ ಮಿನಿಕಾಯ್ ಸಮೀಪದ ಸಮುದ್ರದಲ್ಲಿ ಕರಾವಳಿ ಕಾವಲು ಪಡೆಯು ದೋಣಿಯೊಂದನ್ನು ತಡೆದು 300 ಕಿಲೋ ಹೆರಾಯಿನ್ ಮತ್ತು ಐದು ಎಕೆ-47 ಬಂದೂಕುಗಳನ್ನು ವಶಪಡಿಸಿಕೊಂಡದ್ದು ನಿಜ. ಆದರೆ ಆ ದೋಣಿ ಶ್ರೀಲಂಕಾದ್ದು. ದ್ವೀಪದ ಮನೆಯವರು ಕೇಳಿದ ಪ್ರಶ್ನೆ ಸರಳವಾದದ್ದು: ಆಳ ಸಮುದ್ರದಲ್ಲಿ ಹಾದು ಹೋಗುವ ಕಳ್ಳ ದೋಣಿಗೆ ನಮ್ಮ ಹಳ್ಳಿಯೊಳಗೆ ಗೂಂಡಾ ಕಾಯ್ದೆ ಯಾಕೆ? ನಮಗೆ ಬೇಕಾದದ್ದು ಹಡಗು, ಆಸ್ಪತ್ರೆ, ಹೆರಿಗೆಯ ಹೊತ್ತಿಗೆ ಕೊಚ್ಚಿಗೆ ಸಾಗಿಸುವ ಹೆಲಿಕಾಪ್ಟರ್, ಮೀನುಗಾರರ ಶೆಡ್‌ಗಳಿಗೆ ರಕ್ಷಣೆ. 2021ರ ಜೂನ್ 7ರಂದು ದ್ವೀಪದ ಜನರು ಮನೆಮನೆಯಲ್ಲೇ ಹನ್ನೆರಡು ಗಂಟೆಗಳ ಉಪವಾಸ ಕುಳಿತು ಪ್ರತಿಭಟಿಸಿದರು. ಒಂದು ಕಲ್ಲೂ ಎಸೆಯಲ್ಪಡಲಿಲ್ಲ. ಗಂಡಸರ ಜೊತೆ ಹೆಂಗಸರೂ ಮಕ್ಕಳೂ ಮನೆಯ ಮುಂದೆ ಫಲಕ ಹಿಡಿದು ಕುಳಿತರು.

ದೂರದಲ್ಲಿ ಕುಳಿತು ಸಿದ್ಧಪಡಿಸಿದ ಪಟ್ಟಿಗೂ ಊರಿನವರ ಪಟ್ಟಿಗೂ ಎಷ್ಟು ಅಂತರವಿರುತ್ತದೆ ಎಂಬುದಕ್ಕೆ ಕುತ್ಲೂರು ಒಂದು ಸಾಕ್ಷಿಯಾದರೆ ಲಕ್ಷದ್ವೀಪ ಇನ್ನೊಂದು.

ಮಿನಿಕಾಯಿಯ ಮೂಪತ್ತಿ

ಲಕ್ಷದ್ವೀಪದ ದಕ್ಷಿಣ ತುದಿಯಲ್ಲಿ ಮಿನಿಕಾಯ್ ಇದೆ. ಅಲ್ಲಿನ ಗಂಡಸರು ತಲೆಮಾರುಗಳಿಂದ ಹಡಗಿನ ಕೆಲಸಕ್ಕೆ ಹೋಗುವವರು. ತಿಂಗಳುಗಟ್ಟಲೆ ಮನೆಯಲ್ಲಿರುವುದಿಲ್ಲ. ನಮ್ಮ ಕರಾವಳಿಯ ಗಲ್ಫ್ ಕುಟುಂಬಗಳಂತೆಯೇ ಮನೆಯ ಭಾರ ಹೆಂಗಸರ ಮೇಲೆ. ಆದರೆ ಅಲ್ಲಿ ಒಂದು ವ್ಯವಸ್ಥೆಯಿದೆ. ದ್ವೀಪದ ಪ್ರತಿಯೊಂದು ಹಳ್ಳಿಗೂ ಒಬ್ಬ ಮೂಪನ್, ಅಂದರೆ ಗಂಡಸರ ಮುಖಂಡ. ಹಾಗೆಯೇ ಒಬ್ಬಳು ಮೂಪತ್ತಿ, ಅಂದರೆ ಹೆಂಗಸರ ಮುಖಂಡೆ. ಅವರ ಭಾಷೆಯಲ್ಲಿ ಬೊಡುಕಾಕ ಮತ್ತು ಬೊಡುತಾತ. ಹಳ್ಳಿಯ ಒಟ್ಟು ಕೆಲಸ, ಸ್ವಚ್ಛತೆ, ಮದುವೆ, ತಂಟೆ ತಕರಾರು ಯಾವುದೇ ಬರಲಿ, ಹೆಂಗಸರ ಮಾತು ಮೂಪತ್ತಿಯ ಮೂಲಕ ಹೊರಗೆ ಬರುತ್ತದೆ.

ಅದು ಮುಸ್ಲಿಮ್ ಸಮಾಜವೇ. ಅವರ ದೀನ್ ಅದಕ್ಕೆ ಅಡ್ಡಿಯಾಗಲಿಲ್ಲ, ಮರ್ಯಾದೆಗೂ ಕುಂದು ಬರಲಿಲ್ಲ. ಹೆಣ್ಣಿನ ಮಾತನ್ನು ಹೆಣ್ಣೇ ಹೇಳಬೇಕು, ಅದನ್ನು ಕೇಳಲು ಊರಿನಲ್ಲಿ ಒಂದು ಜಾಗವಿರಬೇಕು ಎಂಬ ಸಾಮಾನ್ಯ ತಿಳುವಳಿಕೆ ಮಾತ್ರ. ನಮ್ಮಲ್ಲಿ ಎಷ್ಟು ಮೊಹಲ್ಲಾಗಳಲ್ಲಿ ಅಂತಹ ಜಾಗವಿದೆ?

ಉಮರ್(ರ)ರ ರಾತ್ರಿ ಗಸ್ತು

ಇಸ್ಲಾಮೀ ಇತಿಹಾಸದಲ್ಲಿ ರಾತ್ರಿ ಗಸ್ತು ಎಂದೊಡನೆ ನೆನಪಾಗುವವರು ಖಲೀಫಾ ಹಝ್ರತ್ ಉಮರ್(ರ). ಮದೀನಾದ ಬೀದಿಗಳಲ್ಲಿ ಅವರು ರಾತ್ರಿ ಸುತ್ತಾಡುತ್ತಿದ್ದುದು ಕಳ್ಳರನ್ನು ಹಿಡಿಯಲು ಮಾತ್ರವಲ್ಲ. ಸೇವಕ ಅಸ್ಲಮ್‌ರೊಂದಿಗೆ ಊರ ಹೊರಗೆ ಹೋದಾಗ, ಹಸಿದು ಅಳುವ ಮಕ್ಕಳನ್ನು ಸಮಾಧಾನಪಡಿಸಲು ಬರಿ ನೀರಿನ ಮಡಕೆಯನ್ನು ಒಲೆಯ ಮೇಲಿಟ್ಟ ತಾಯಿಯನ್ನು ಅವರು ಕಂಡರು. ಎದುರಿರುವವರು ಯಾರೆಂದು ತಿಳಿಯದ ಆಕೆ ಖಲೀಫಾರ ಮೇಲೆಯೇ ದೂರು ಹೇಳಿದಳು. ಅವರು ಸಿಟ್ಟಾಗಲಿಲ್ಲ. ಬೈತುಲ್‌ಮಾಲ್‌ನಿಂದ ಹಿಟ್ಟಿನ ಚೀಲವನ್ನು ತಮ್ಮ ಬೆನ್ನ ಮೇಲೆಯೇ ಹೊತ್ತು ತಂದರು.

ಇನ್ನೊಂದು ರಾತ್ರಿ, ಯುದ್ಧಕ್ಕೆ ಹೋದ ಗಂಡನ ಅಗಲಿಕೆಯನ್ನು ನೆನೆದು ಹಾಡಿಕೊಳ್ಳುತ್ತಿದ್ದ ಹೆಣ್ಣೊಬ್ಬಳ ಧ್ವನಿ ಅವರ ಕಿವಿಗೆ ಬಿತ್ತು. ಮರುದಿನ ಅವರು ತಮ್ಮ ಮಗಳಾದ ಹಝ್ರತ್ ಹಫ್ಸಾ(ರ)ರ ಬಳಿಗೆ ಹೋಗಿ, ಹೆಣ್ಣು ಎಷ್ಟು ಕಾಲ ಗಂಡನ ಅಗಲಿಕೆಯನ್ನು ತಾಳಿಕೊಳ್ಳಬಲ್ಲಳು ಎಂದು ವಿಚಾರಿಸಿದರು. ಅವರ ಉತ್ತರದ ಮೇಲೆ ಸೈನಿಕರನ್ನು ಮನೆಯಿಂದ ದೂರವಿಡುವ ಅವಧಿಗೆ ಮಿತಿ ಹಾಕಿದರು. ಅದು ನಾಲ್ಕು ತಿಂಗಳೆಂದು ಕೆಲವು ವರದಿಗಳಲ್ಲೂ ಆರು ತಿಂಗಳೆಂದು ಇನ್ನು ಕೆಲವು ವರದಿಗಳಲ್ಲೂ ಬಂದಿದೆ. ಒಬ್ಬ ಹೆಣ್ಣಿನ ನೋವು, ಇನ್ನೊಬ್ಬ ಹೆಣ್ಣಿನ ಸಲಹೆ, ಇಡೀ ಸೈನ್ಯಕ್ಕೆ ಹೊಸ ನಿಯಮ. ಕಾವಲಿನ ಆದ್ಯತೆಯನ್ನು ಹೆಣ್ಣಿನ ಮಾತು ನಿರ್ಧರಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ? ಮದೀನಾದ ಮಾರುಕಟ್ಟೆಯ ಕೆಲವು ಜವಾಬ್ದಾರಿಗಳನ್ನು ಅವರು ಶಿಫಾ ಬಿಂತ್ ಅಬ್ದುಲ್ಲಾ(ರ) ಎಂಬ ವಿದ್ಯಾವಂತ ಮಹಿಳೆಗೆ ವಹಿಸಿದ್ದರೆಂದೂ ಇತಿಹಾಸಕಾರರು ದಾಖಲಿಸಿದ್ದಾರೆ.

ಗಸ್ತಿಗೆ ಮಿತಿಯೂ ಇದೆ. ಒಮ್ಮೆ ಉಮರ್(ರ) ಗೋಡೆ ಹತ್ತಿ ಒಂದು ಮನೆಯೊಳಗೆ ಇಳಿದು ಅಲ್ಲಿನವನ ತಪ್ಪನ್ನು ಹಿಡಿದಾಗ, ಆ ಮನುಷ್ಯ ಅವರಿಗೇ ಮೂರು ತಪ್ಪುಗಳನ್ನು ಎಣಿಸಿ ತೋರಿಸಿದನಂತೆ: ಗೂಢಚರ್ಯೆ ಮಾಡಿದಿರಿ, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಲಿಲ್ಲ. ಖಲೀಫಾ ಅದನ್ನು ಒಪ್ಪಿ ಹಿಂದಿರುಗಿದರು. ಪರರ ಗುಟ್ಟನ್ನು ಕೆದಕಬಾರದೆಂದು ಸೂರಃ ಅಲ್ ಹುಜುರಾತ್‌ನ 12ನೇ ವಚನ ಸ್ಪಷ್ಟವಾಗಿ ತಡೆದಿದೆ. ಬಸ್ಸಿನಲ್ಲಿ ಯಾರು ಯಾರ ಪಕ್ಕ ಕುಳಿತರು, ಕಾಲೇಜು ಹುಡುಗಿ ಯಾರೊಂದಿಗೆ ಮಾತಾಡಿದಳು ಎಂದು ತಡೆದು ನಿಲ್ಲಿಸಿ ವೀಡಿಯೋ ಮಾಡುವ ಹುಡುಗರು ಯಾವ ಧರ್ಮದವರೇ ಆಗಿರಲಿ, ಅವರದ್ದು ಕಾವಲಲ್ಲ, ಅದು ಅಪರಾಧ. ನಮ್ಮ ಮಕ್ಕಳಿಗೆ ಇದನ್ನು ನಾವೇ ಕಲಿಸಬೇಕು.

ಬೀಟ್ ಎಂದರೇನು?

ಈಗ ನಮ್ಮ ಠಾಣೆಗೆ ಬರೋಣ. 2017ರಲ್ಲಿ ಕರ್ನಾಟಕ ಪೊಲೀಸ್ ಇಲಾಖೆಯು ಹಳೆಯ ಬೀಟ್ ಪದ್ಧತಿಯನ್ನು ಪರಿಷ್ಕರಿಸಿತು. ಠಾಣೆಯ ಇಡೀ ವ್ಯಾಪ್ತಿಯನ್ನು ಸಣ್ಣ ಸಣ್ಣ ಭಾಗಗಳಾಗಿ ಹಂಚಿ, ಒಂದೊಂದು ಭಾಗಕ್ಕೆ ಒಬ್ಬ ಸಿಬ್ಬಂದಿಯನ್ನು ಜವಾಬ್ದಾರನನ್ನಾಗಿ ಮಾಡುವುದು ಅದರ ತಿರುಳು. ಆ ಭಾಗದ ನಾಗರಿಕರನ್ನು ಬೀಟ್ ಸದಸ್ಯರನ್ನಾಗಿ ಸೇರಿಸಿಕೊಂಡು ಆಗಾಗ ಸಭೆ ಕರೆಯಬೇಕು. 2025ರ ಜುಲೈಯಲ್ಲಿ ಸರಕಾರವು 'ಮನೆ ಮನೆಗೆ ಪೊಲೀಸ್' ಎಂಬ ಕಾರ್ಯಕ್ರಮವನ್ನೂ ಆರಂಭಿಸಿತು. ಬೀಟಿನ ಮನೆಗಳನ್ನು ಗುಂಪುಗಳಾಗಿ ವಿಂಗಡಿಸಿ, ಸಿಬ್ಬಂದಿ ಮನೆಬಾಗಿಲಿಗೇ ಬಂದು ಪರಿಚಯ ಮಾಡಿಕೊಂಡು ಕಷ್ಟಸುಖ ವಿಚಾರಿಸಬೇಕೆಂಬುದು ಅದರ ಉದ್ದೇಶ.

ಜಪಾನಿನಲ್ಲಿ ಇದು ಬಹಳ ಹಳೆಯ ಪದ್ಧತಿ. ಅಲ್ಲಿನ ದೂರದ ಹಳ್ಳಿಗಳಲ್ಲೂ ದ್ವೀಪಗಳಲ್ಲೂ ಪೊಲೀಸ್ ಸಿಬ್ಬಂದಿ ಕುಟುಂಬ ಸಮೇತ ಅದೇ ಊರಿನ ಚೌಕಿಯಲ್ಲಿ ವಾಸಿಸುತ್ತಾನೆ. ಅವನು ಗಸ್ತಿಗೆ ಹೋದಾಗ ಬಾಗಿಲಿಗೆ ಬಂದವರ ಮಾತನ್ನು ಅವನ ಹೆಂಡತಿ ಕೇಳಿಕೊಳ್ಳುತ್ತಾಳೆ. ಅದಕ್ಕಾಗಿ ಆಕೆಗೆ ಭತ್ಯೆಯೂ ಇದೆ. ಹಳ್ಳಿಯ ಹೆಂಗಸರಿಗೆ ಮಾತಾಡಲು ಒಂದು ಹೆಣ್ಣುಮುಖ ಬೇಕು ಎಂಬುದನ್ನು ಅವರೂ ಕಂಡುಕೊಂಡಿದ್ದಾರೆ.

ನಮ್ಮಲ್ಲಿ ಬೀಟ್ ಸಭೆ ನಡೆಯುವಾಗ ಹೋಗುವವರು ಯಾರು? ಅಂಗಡಿಯವರು, ಆಟೋ ಚಾಲಕರು, ಪಂಚಾಯತ್ ಸದಸ್ಯರು, ನಮ್ಮ ಕಡೆಯಿಂದ ಜಮಾಅತ್ ಅಧ್ಯಕ್ಷರು ಮತ್ತು ಕಾರ್ಯದರ್ಶಿ. ಅವರು ಹಬ್ಬದ ಮೆರವಣಿಗೆಯ ಬಗ್ಗೆ ಹೇಳುತ್ತಾರೆ, ಧ್ವನಿವರ್ಧಕದ ಬಗ್ಗೆ ಹೇಳುತ್ತಾರೆ, ಪಾರ್ಕಿಂಗ್ ಬಗ್ಗೆ ಹೇಳುತ್ತಾರೆ. ಮನೆಯೊಳಗಿನ ಮಾತು ಅವರಿಗೆ ತಿಳಿದಿರುವುದಿಲ್ಲ. ತಿಳಿದಿದ್ದರೂ ಅದನ್ನು ಆ ಸಭೆಯಲ್ಲಿ ಹೇಳುವುದಿಲ್ಲ.

ಮದ್ರಸಕ್ಕೆ ಬರುವ ತಾಯಿಯೊಬ್ಬರು ಒಮ್ಮೆ ಹೀಗೆ ಹೇಳಿದ್ದರು: "ಉಸ್ತಾದರೇ, ಠಾಣೆಗೆ ಹೋದರೆ ಊರಿಡೀ ಸುದ್ದಿ ಆಗ್ತದೆ. ನಾಳೆ ಮಗಳಿಗೆ ಸಂಬಂಧ ಬರ್ಲಿಕ್ಕುಂಟಾ?" ಅವರ ಭಯ ಕಳ್ಳನದ್ದಲ್ಲ, ಊರಿನ ಬಾಯಿಯದ್ದು. ಆ ಬಾಯಿಗಳಲ್ಲಿ ನಮ್ಮ ಬಾಯಿಯೂ ಒಂದು ಎಂಬುದನ್ನು ಮರೆಯಬಾರದು.

ಪಟ್ಟಿಯಲ್ಲಿ ಏನಿರಬೇಕು?

ಸಹೋದರಿಯರು ತಮ್ಮ ತಮ್ಮ ಊರಿನ ಪಟ್ಟಿಯನ್ನು ತಾವೇ ಬರೆಯಬೇಕು. ಆದರೂ ಹೆಚ್ಚಿನ ಮನೆಗಳಲ್ಲಿ ಕೇಳಿಬರುವ ಕೆಲವು ಮಾತುಗಳನ್ನು ಇಲ್ಲಿ ಹೇಳಬಹುದು.

ಮೊದಲನೆಯದು ಮಕ್ಕಳ ದಾರಿ. ಶಾಲೆಗೆ ನಡೆದು ಹೋಗುವ ಮಕ್ಕಳ ಪಕ್ಕದಲ್ಲೇ ಕಲ್ಲು, ಮರಳು ತುಂಬಿದ ಟಿಪ್ಪರ್‌ಗಳು ವೇಗವಾಗಿ ಹಾದುಹೋಗುತ್ತವೆ. ಲೈಸನ್ಸ್ ಇಲ್ಲದ ಹುಡುಗರು ಬೈಕ್‌ನಲ್ಲಿ ಮೂವರು ಕುಳಿತು ಓಡಿಸುತ್ತಾರೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮತ್ತು ಸಂಜೆ ನಾಲ್ಕರ ಹೊತ್ತಿಗೆ ಶಾಲೆಯ ತಿರುವಿನಲ್ಲಿ ಒಬ್ಬ ಪೊಲೀಸ್ ನಿಂತರೆ ಆಗುವ ಉಪಕಾರ ಸಣ್ಣದಲ್ಲ.

ಎರಡನೆಯದು ಮಾದಕ ದ್ರವ್ಯ. ಗಾಂಜಾ, ಎಂಡಿಎಂಎ ಎಂಬ ಹೆಸರುಗಳು ಈಗ ಹಳ್ಳಿಯ ತಾಯಂದಿರಿಗೂ ಗೊತ್ತು. ಮಗನ ಕಣ್ಣು ಕೆಂಪಾದದ್ದನ್ನು, ಪರ್ಸಿನ ಹಣ ಕಾಣೆಯಾದದ್ದನ್ನು ಮೊದಲು ಕಾಣುವವಳು ತಾಯಿ. ಹುಡುಗರು ಸಂಜೆ ಯಾವ ಪಾಳು ಶೆಡ್ಡಿನಲ್ಲಿ, ಯಾವ ರಬ್ಬರ್ ತೋಟದಲ್ಲಿ ಸೇರುತ್ತಾರೆ ಎಂಬುದು ಸೌದೆ ತರಲು ಹೋಗುವ ಹೆಂಗಸರಿಗೆ ತಿಳಿದಿರುತ್ತದೆ. ಮಾರುವವನ ಬಗ್ಗೆ ತಿಳಿಸಿದರೆ ತನ್ನ ಮಗನನ್ನೇ ಜೈಲಿಗೆ ಹಾಕಿಯಾರು ಎಂಬ ಭಯದಿಂದ ಅವಳು ಸುಮ್ಮನಾಗುತ್ತಾಳೆ. ಚಟಕ್ಕೆ ಬಿದ್ದವನಿಗೆ ಚಿಕಿತ್ಸೆ, ಮಾರುವವನಿಗೆ ಶಿಕ್ಷೆ ಎಂಬ ಭರವಸೆಯನ್ನು ಠಾಣೆಯ ಅಧಿಕಾರಿಯು ತಾಯಂದಿರ ಎದುರಲ್ಲೇ ಹೇಳುವಂತಾಗಬೇಕು.

ಮೂರನೆಯದು ಫೋನಿನಿಂದ ಬರುವ ಕಳ್ಳ. ಪೊಲೀಸ್ ವೇಷದಲ್ಲಿ ವೀಡಿಯೋ ಕರೆ ಮಾಡಿ, "ನಿಮ್ಮ ಗಂಡನ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಹಣ ಹಾಕಿ" ಎಂದು ಬೆದರಿಸುವವರಿಗೆ, ಗಂಡ ಗಲ್ಫ್‌ನಲ್ಲಿರುವ ಮನೆಗಳೆಂದರೆ ಸುಲಭದ ಬೇಟೆ. ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿಯೇ ಇಲ್ಲ. ಕರೆ ಕಡಿತಗೊಳಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹುಡುಗಿಯರ ಫೋಟೋ ತಿರುಚಿ ಬೆದರಿಸುವವರ ವಿಷಯದಲ್ಲೂ ಇದೇ ಮಾತು. ಬೆದರಿಕೆಗೆ ಒಮ್ಮೆ ಮಣಿದರೆ ಅದು ಅಲ್ಲಿಗೆ ನಿಲ್ಲುವುದಿಲ್ಲ.

ನಾಲ್ಕನೆಯದು ಮನೆಯೊಳಗಿನ ಹಿಂಸೆ. ಇದನ್ನು ಬರೆಯುವುದು ಕಷ್ಟ, ಆದರೆ ಬರೆಯದಿರುವುದು ಇನ್ನೂ ದೊಡ್ಡ ತಪ್ಪು. ಪ್ರವಾದಿ ಮುಹಮ್ಮದ್(ಸ) ತಮ್ಮ ಪತ್ನಿಯರ ಮೇಲೆ ಎಂದೂ ಕೈ ಎತ್ತಲಿಲ್ಲ ಎಂಬುದು ಹಝ್ರತ್ ಆಯಿಷಾ(ರ)ರ ಸಾಕ್ಷ್ಯ. ಜಮಾಅತ್ ಸಮಿತಿಯು ರಾಜಿ ಮಾಡಿಸುವುದು ಒಳ್ಳೆಯದೇ. ಆದರೆ ರಾಜಿಯ ಹೆಸರಿನಲ್ಲಿ ಹೊಡೆತ ತಿಂದವಳನ್ನು ಮೂರು ಸಲ ಅದೇ ಮನೆಗೆ ಕಳುಹಿಸಿ, ನಾಲ್ಕನೇ ಸಲ ಆಸ್ಪತ್ರೆಗೆ ಕೊಂಡೊಯ್ಯುವಂತಾದರೆ ಅದು ಸುಲಹ್ ಅಲ್ಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯ ಮೂಲಕವೂ ಅವರನ್ನು ಸಂಪರ್ಕಿಸಬಹುದು. ಮಹಿಳೆಯರಿಗಾಗಿ 181, ಮಕ್ಕಳಿಗಾಗಿ 1098, ತುರ್ತಿಗೆ 112.

ಐದನೆಯದು ಕಾಣೆಯಾದವರ ದೂರು. 2012ರ ಅಕ್ಟೋಬರ್‌ನಲ್ಲಿ ನಮ್ಮದೇ ತಾಲೂಕಿನಲ್ಲಿ ಕಾಲೇಜು ಮುಗಿಸಿ ಮನೆಗೆ ಹೊರಟ ಹದಿಹರೆಯದ ಹುಡುಗಿಯೊಬ್ಬಳು ಮನೆ ತಲುಪಲಿಲ್ಲ. ಮರುದಿನ ಸಿಕ್ಕಿದ್ದು ಶವ. ಹನ್ನೊಂದು ವರ್ಷಗಳ ಬಳಿಕ, 2023ರ ಜೂನ್‌ನಲ್ಲಿ, ಬೆಂಗಳೂರಿನ ಸಿಬಿಐ ವಿಶೇಷ ನ್ಯಾಯಾಲಯವು ಆರೋಪಿಯನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿತು. ತನಿಖೆಯ ಆರಂಭದ ಲೋಪಗಳು ಆಗ ಎಲ್ಲರ ಮುಂದೆ ಬಂದವು. ಮೊದಲ ಕೆಲವು ಗಂಟೆಗಳು ಕೈಜಾರಿದರೆ ಆ ಮೇಲೆ ಎಷ್ಟು ದೊಡ್ಡ ತನಿಖಾ ಸಂಸ್ಥೆ ಬಂದರೂ ಅವನ್ನು ಹಿಂದಕ್ಕೆ ತರಲಾಗದು. ಆ ತಾಯಿಯ ಕಣ್ಣೀರಿಗೆ ಜಾತಿ ಧರ್ಮವಿಲ್ಲ. ಹೆಣ್ಣುಮಗಳು ಕಾಣೆಯಾದಾಗ "ಯಾರೊಂದಿಗಾದರೂ ಓಡಿ ಹೋಗಿರಬೇಕು" ಎಂಬ ಮಾತು ಠಾಣೆಯಲ್ಲೂ ಬರಬಾರದು, ನಮ್ಮ ಮನೆಯ ಜಗಲಿಯಲ್ಲೂ ಬರಬಾರದು.

ಆರನೆಯದು ವದಂತಿ. ಒಂದು ಸಣ್ಣ ತಂಟೆಯಾದರೆ ಸಾಕು, ಗಂಟೆಯೊಳಗೆ ಹಳೆಯ ವೀಡಿಯೋಗಳು ಹೊಸ ತಲೆಬರಹದೊಂದಿಗೆ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತವೆ. ಸುದ್ದಿ ತಂದವನ ಮಾತನ್ನು ಪರಿಶೀಲಿಸದೆ ನಂಬಿ ಅಮಾಯಕರಿಗೆ ಹಾನಿ ಮಾಡಬೇಡಿರೆಂದು ಸೂರಃ ಅಲ್ ಹುಜುರಾತ್‌ನ 6ನೇ ವಚನ ಎಚ್ಚರಿಸುತ್ತದೆ. ಸುದ್ದಿ ನಿಜವೇ ಎಂದು ಬೀಟ್ ಸಿಬ್ಬಂದಿಯನ್ನು ಕೇಳುವಷ್ಟು ಪರಿಚಯ ನಮಗಿದ್ದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತದೆ.

ತಿಳಿದಿರಬೇಕಾದ ಹಕ್ಕುಗಳು

2024ರ ಜುಲೈ 1ರಿಂದ ದೇಶದಲ್ಲಿ ಹೊಸ ಅಪರಾಧ ಕಾನೂನುಗಳು ಜಾರಿಯಲ್ಲಿವೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. "ಇದು ನಮ್ಮ ವ್ಯಾಪ್ತಿಯಲ್ಲ" ಎಂದು ಹಿಂದೆ ಕಳುಹಿಸುವಂತಿಲ್ಲ. ದೂರನ್ನು ಮೊಬೈಲ್ ಅಥವಾ ಕಂಪ್ಯೂಟರ್ ಮೂಲಕವೂ ಕಳುಹಿಸಬಹುದು. ಮೂರು ದಿನಗಳೊಳಗೆ ಸಹಿ ಹಾಕಿದರೆ ಸಾಕು. ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಲೈಂಗಿಕ ಅಪರಾಧಗಳಲ್ಲಿ ಹೆಣ್ಣಿನ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ದಾಖಲಿಸಬೇಕು. ಸಾಕ್ಷಿ ಹೇಳಲು ಮಹಿಳೆಯನ್ನು ಠಾಣೆಗೆ ಬರಲೇಬೇಕೆಂದು ಒತ್ತಾಯಿಸುವಂತಿಲ್ಲ, ಅಧಿಕಾರಿಯೇ ಅವಳ ಮನೆಗೆ ಬರಬೇಕು. ವಿಶೇಷ ಸಂದರ್ಭ ಬಿಟ್ಟರೆ ಸೂರ್ಯಾಸ್ತದ ಬಳಿಕ ಸೂರ್ಯೋದಯದ ಒಳಗೆ ಮಹಿಳೆಯನ್ನು ಬಂಧಿಸುವಂತಿಲ್ಲ. ವಿಶೇಷ ಸಂದರ್ಭದಲ್ಲೂ ಮಹಿಳಾ ಅಧಿಕಾರಿಯೂ ನ್ಯಾಯಾಧೀಶರ ಪೂರ್ವಾನುಮತಿಯೂ ಬೇಕು. ಈ ಮಾತುಗಳನ್ನು ಮನೆಯ ಹೆಣ್ಣುಮಕ್ಕಳು ಕಂಠಪಾಠ ಮಾಡಿದರೆ ತಪ್ಪಲ್ಲ.

ನಾವು ಮಾಡಬಹುದಾದದ್ದು

ವಾರದ ಮಹಿಳಾ ತರಗತಿಗಳು ನಮ್ಮ ಹೆಚ್ಚಿನ ಮೊಹಲ್ಲಾಗಳಲ್ಲಿ ನಡೆಯುತ್ತವೆ. ಒಂದು ವಾರ ತರಗತಿ ಮುಗಿದ ಮೇಲೆ ಅರ್ಧ ಗಂಟೆ ಕುಳಿತು, ಹೆಸರು ಬರೆಯದೆ, ಒಂದೊಂದು ಚೀಟಿಯಲ್ಲಿ ಒಂದೊಂದು ಭಯವನ್ನು ಬರೆಯಲು ಹೇಳಿರಿ. ಬರೆಯಲು ಬಾರದ ಹಿರಿಯರಿಗೆ ಕಾಲೇಜು ಹುಡುಗಿಯರು ನೆರವಾಗಲಿ. ಚೀಟಿಗಳನ್ನು ಎಣಿಸಿದರೆ ಯಾವ ಭಯ ಹೆಚ್ಚು ಮನೆಗಳಲ್ಲಿದೆ ಎಂಬುದು ಸ್ಪಷ್ಟವಾಗುತ್ತದೆ. ಮೊದಲ ಮೂರನ್ನು ಆರಿಸಿಕೊಳ್ಳಿರಿ. ಮೂವತ್ತು ದೂರುಗಳನ್ನು ಒಟ್ಟಿಗೆ ಕೊಟ್ಟರೆ ಒಂದೂ ನಡೆಯುವುದಿಲ್ಲ.

ನೆರೆಯ ಹಿಂದೂ, ಜೈನ, ಕ್ರೈಸ್ತ ಸಹೋದರಿಯರನ್ನೂ ಸೇರಿಸಿಕೊಳ್ಳಿರಿ. ಸ್ವಸಹಾಯ ಸಂಘಗಳಲ್ಲಿ, ಬೀಡಿಯ ಬ್ರಾಂಚಿನಲ್ಲಿ, ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಅವರು ನಮಗೆ ಪರಿಚಿತರೇ. ಟಿಪ್ಪರ್‌ನ ವೇಗಕ್ಕೂ ಗಾಂಜಾ ಮಾರುವವನಿಗೂ ಧರ್ಮಭೇದವಿಲ್ಲ. ಎಲ್ಲ ಮನೆಯ ಹೆಂಗಸರು ಸೇರಿ ಕೊಟ್ಟ ಪಟ್ಟಿಯನ್ನು ಯಾವ ಅಧಿಕಾರಿಯೂ ಒಂದು ಸಮುದಾಯದ ದೂರು ಎಂದು ಬದಿಗಿಡಲಾರ. ಹೀಗೆ ಒಟ್ಟಿಗೆ ಕುಳಿತು ಮಾತಾಡಿದ ಹೆಂಗಸರಿರುವ ಊರಿನಲ್ಲಿ ಗಲಭೆ ಎಬ್ಬಿಸುವುದು ಕೂಡ ಸುಲಭವಲ್ಲ.

ಬಳಿಕ ಠಾಣೆಗೆ ಹೋಗಿ ತಮ್ಮ ಭಾಗದ ಬೀಟ್ ಸಿಬ್ಬಂದಿ ಯಾರು ಎಂದು ಕೇಳಿ, ಅವರ ಹೆಸರು ಮತ್ತು ನಂಬರನ್ನು ಅಡುಗೆ ಮನೆಯ ಗೋಡೆಗೆ ಅಂಟಿಸಿಕೊಳ್ಳಿರಿ. ಬೀಟ್ ಸದಸ್ಯರಲ್ಲಿ ಕನಿಷ್ಠ ಇಬ್ಬರು ಮಹಿಳೆಯರಿರಲಿ ಎಂದು ಲಿಖಿತವಾಗಿ ಕೇಳಿರಿ. ಸಭೆಗೆ ಮಹಿಳಾ ಸಿಬ್ಬಂದಿಯನ್ನು ಕರೆತರಲು ಹೇಳಿರಿ. ಮೂರು ತಿಂಗಳ ನಂತರ ಅದೇ ಪಟ್ಟಿ ಹಿಡಿದು, ಯಾವುದು ಆಯಿತು, ಯಾವುದು ಆಗಲಿಲ್ಲ ಎಂದು ವಿಚಾರಿಸಿರಿ. ಆದ ಕೆಲಸಕ್ಕೆ ಕೃತಜ್ಞತೆ ಹೇಳಲು ಮರೆಯಬೇಡಿರಿ. ಸಿಬ್ಬಂದಿಯೂ ಮನುಷ್ಯರು. ಅವರ ಮನೆಯಲ್ಲೂ ತಾಯಿ, ಹೆಂಡತಿ, ಮಗಳಿದ್ದಾರೆ.

ಜಮಾಅತ್ ಹಿರಿಯರಲ್ಲಿ ಒಂದು ವಿನಂತಿ. ನಿಮ್ಮ ಸಮಿತಿಯ ಸಭೆಯಲ್ಲಿ ಹೆಂಗಸರ ಪಟ್ಟಿಯನ್ನು ಓದಿಸಿರಿ. ಮಸೀದಿಯ ಕಾರ್ಯದರ್ಶಿಯ ಕೈಯಿಂದ ಠಾಣೆಗೆ ಹೋಗುವ ಅರ್ಜಿಯಲ್ಲಿ ಮೆರವಣಿಗೆಯ ಅನುಮತಿಯ ಜೊತೆಗೆ ಶಾಲೆಯ ತಿರುವಿನ ಮಾತೂ ಇರಲಿ. ಹೊಡೆತ ತಿಂದು ಬಂದ ಹೆಣ್ಣುಮಗಳು ಠಾಣೆಗೆ ಹೋದರೆ "ಮಾನ ಹೋಯಿತು" ಎನ್ನಬೇಡಿರಿ. ಹೊಡೆದವನಿಂದ ಹೋದ ಮಾನವನ್ನು ಅವಳ ಲೆಕ್ಕಕ್ಕೆ ಬರೆಯುವುದು ನ್ಯಾಯವಲ್ಲ.

ಸಹೋದರಿಯರೇ, ಹಸಿದ ಮಕ್ಕಳ ತಾಯಿ ಅಂದು ಕತ್ತಲಲ್ಲಿ ನಿಂತಿದ್ದ ಅಪರಿಚಿತನ ಮುಂದೆ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಿದ್ದರಿಂದ ಹಿಟ್ಟಿನ ಚೀಲ ಅವಳ ಬಾಗಿಲಿಗೆ ಬಂತು. ಕೇಳುವುದು ಅಧಿಕಾರದಲ್ಲಿರುವವರ ಹೊಣೆ, ಹೇಳುವುದು ನಮ್ಮ ಹೊಣೆ. ನಿಮ್ಮ ಊರಿನ ಮುಂದಿನ ಬೀಟ್ ಸಭೆ ಯಾವಾಗ ಎಂದು ಇಂದೇ ವಿಚಾರಿಸಿರಿ. ಆ ಸಭೆಯ ಪಟ್ಟಿಯಲ್ಲಿ ನಿಮ್ಮ ಮನೆಯ ಒಂದು ಮಾತಾದರೂ ಇರಲಿ. ಅಲ್ಲಾಹನು ನಮ್ಮ ಮನೆಗಳನ್ನೂ ನಮ್ಮ ನೆರೆಹೊರೆಯನ್ನೂ ನಿರ್ಭಯದಿಂದ ಇರಿಸಲಿ. ಆಮೀನ್.